ಧನುರ್ಮಾಸದಲ್ಲಿ ಒಂದು ತಿಂಗಳು ಹಾಲು, ಮೊಸರು, ತುಪ್ಪ ಬಿಟ್ಟು ನೋಡುವುದು ಹೇಗೆ

ಹಾಲು, ಮೊಸರು, ತುಪ್ಪ, ಜೇನು, ಮೊಟ್ಟೆ, ಮಾಂಸ ಯಾವುದೂ ಇಲ್ಲದೆ ಕೆಲವು ದಿನ ಇದ್ದು ನೋಡಬೇಕು ಅಂತ ಮನಸ್ಸಿದ್ದರೆ ಧನುರ್ಮಾಸದಲ್ಲಿ ಶುರು ಮಾಡಿ. ಡಿಸೆಂಬರ್ 16ರ ಆಸುಪಾಸಿನಲ್ಲಿ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ. ಯಾವತ್ತು ಶುರು, ಯಾವತ್ತು ಕೊನೆ ಅಂತ ಕ್ಯಾಲೆಂಡರೇ ಹೇಳುತ್ತದೆ. ಬ್ರಿಟನ್ನಿನಲ್ಲಿ 2014ರಿಂದ ಜನವರಿಯನ್ನು ಇದಕ್ಕೇ ಇಟ್ಟುಕೊಂಡಿದ್ದಾರೆ, ಅದಕ್ಕೆ ವೀಗನ್ಯುವರಿ ಅಂತ ಹೆಸರು. ವೀಗನ್ ಅಂದರೆ ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲದ ಊಟ. ಜನವರಿಯಲ್ಲಿ ಮಾಡಿದರೂ ತಪ್ಪಿಲ್ಲ. ಆದರೆ ನಮ್ಮ ಕಡೆ ಧನುರ್ಮಾಸದ ಅನುಕೂಲವೇ ಬೇರೆ. ಸೊಗಡಿನ ಅವರೆಕಾಯಿ ಮಾರುಕಟ್ಟೆಗೆ ಬಂದಿರುತ್ತದೆ. ಹೊಸ ರಾಗಿ ಮನೆಗೆ ಬಂದಿರುತ್ತದೆ. ಸೊಪ್ಪು ಎಳಸಾಗಿ ಸಿಗುತ್ತದೆ. ಹಾಲಿಲ್ಲದೆ ರುಚಿಯಾಗಿ ಉಣ್ಣುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ನಾನು ತಿಪಟೂರಿನವಳು. ಪ್ರತಿ ಧನುರ್ಮಾಸದಲ್ಲೂ ಇದನ್ನು ಮಾಡುತ್ತೇನೆ. ಆರೋಗ್ಯಕ್ಕೆ ಅಂತ ಶುರು ಮಾಡಿದ್ದಲ್ಲ, ಹಸುಗಳಿಗಾಗಿ. ನನ್ನ ತವರಿನಲ್ಲಿ ಕೊಟ್ಟಿಗೆ ತುಂಬ ದನ ಇದ್ದವು. ಹಸು ಹಾಲು ಕೊಡಬೇಕಾದರೆ ಕರು ಹಾಕಲೇಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ನಾಟಿ ಹೋರಿ ಉಳುವುದಕ್ಕಾದರೂ ಆಗುತ್ತಿತ್ತು. ಸೀಮೆಹಸುವಿನ ಗಂಡು ಕರುವಿಗೆ ಹಿಣಿಲು ಇರುವುದಿಲ್ಲ, ಹೆಗಲ ಮೇಲೆ ನೊಗ ನಿಲ್ಲುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ನಾಟಿ ಹೋರಿಗೂ ಕೆಲಸ ತಪ್ಪಿತು. ಹಾಗಾದರೆ ಆ ಕರುಗಳು ಎಲ್ಲಿಗೆ ಹೋಗುತ್ತವೆ? ಈ ಪ್ರಶ್ನೆಯನ್ನು ಒಂದು ತಿಂಗಳಾದರೂ ಮನಸ್ಸಿನಲ್ಲಿ ಇಟ್ಟುಕೊಂಡು ಊಟ ಮಾಡಬೇಕು ಅನ್ನಿಸಿತು. ನಿಮ್ಮ ಕಾರಣ ಬೇರೆ ಇರಬಹುದು. ಕೆಲವರಿಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಬಿಟ್ಟು ನೋಡೋಣ ಅಂತಿರುತ್ತದೆ. ಕಾರಣ ಏನೇ ಇರಲಿ, ಅದನ್ನು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಿ. ಎರಡನೇ ವಾರದಲ್ಲಿ ಕೈಹಿಡಿಯುವುದು ಅದೇ.

ಮೊದಲು ಮನೆಯವರಿಗೆ ಹೇಳಿ

ಇದನ್ನು ಗುಟ್ಟಾಗಿ ಮಾಡುವುದಕ್ಕೆ ಆಗುವುದಿಲ್ಲ. ಒಂದು ವಾರ ಮೊದಲೇ ಹೇಳಿಬಿಡಿ. ನಮ್ಮ ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಮಜ್ಜಿಗೆ ಇಲ್ದೆ ಊಟ ಮುಗ್ಯೋದು ಹೆಂಗೆ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಮುಂದೆ ಹೇಳುತ್ತೇನೆ. ಆದರೆ ವ್ರತ ಅಂದ ತಕ್ಷಣ ಅವರಿಗೆ ಅರ್ಥವಾಯಿತು. ಹಿರಿಯರಿಗೆ ಹೊಸ ಹೆಸರು ಹೇಳಬೇಕಾದ್ದೇ ಇಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಚಾತುರ್ಮಾಸ್ಯ ಹಿಡಿಯುತ್ತಾರೆ. ಅದರಲ್ಲಿ ಮೊದಲನೇ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೇ ತಿಂಗಳು ದಧಿವ್ರತ, ಮೊಸರು ಇಲ್ಲ. ಮೂರನೇ ತಿಂಗಳು ಕ್ಷೀರವ್ರತ, ಹಾಲು ಇಲ್ಲ. ನಾಲ್ಕನೇ ತಿಂಗಳು ದ್ವಿದಳವ್ರತ, ಬೇಳೆಕಾಳು ಇಲ್ಲ. ಅಲ್ಲಿ ಕಾರಣ ಬೇರೆ, ಹಾಲು ಬಿಟ್ಟ ತಿಂಗಳಲ್ಲಿ ಮೊಸರು ನಡೆಯುತ್ತದೆ, ಅದೂ ನಿಜ. ಆದರೂ ಅವಧಿ ಇಟ್ಟುಕೊಂಡು ಒಂದು ಆಹಾರ ಬಿಡುವ ಅಭ್ಯಾಸ ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಗೊತ್ತು.

ಮನೆಯವರೆಲ್ಲ ಜೊತೆಗೆ ಬರಬೇಕು ಅಂತ ಹಟ ಮಾಡಬೇಡಿ. ಹಾಲಿನವರಿಗೆ ಅರ್ಧ ಲೀಟರ್ ಕಮ್ಮಿ ಹಾಕಿ ಅಂತ ಹೇಳಿದರೆ ಸಾಕು. ನಮ್ಮ ಮನೆಯಲ್ಲಿ ಅಡುಗೆ ಒಂದೇ. ತುಪ್ಪ, ಮೊಸರು ಬೇಕಾದವರು ತಟ್ಟೆಗೆ ಹಾಕಿಕೊಳ್ಳುತ್ತಾರೆ. ಒಗ್ಗರಣೆ ಮಾತ್ರ ಎಲ್ಲದಕ್ಕೂ ಎಣ್ಣೆಯದು. ಹೀಗೆ ಮಾಡಿದರೆ ಎರಡೆರಡು ಅಡುಗೆಯ ಕಷ್ಟ ತಪ್ಪುತ್ತದೆ. ಆ ಕಷ್ಟ ಸಾಮಾನ್ಯವಾಗಿ ಬೀಳುವುದು ಹೆಂಗಸರ ತಲೆ ಮೇಲೇ, ಅಲ್ವಾ?

ಅಂಗಡಿಗೆ ಹೋಗುವ ಮೊದಲು ಡಬ್ಬಿಗಳನ್ನು ನೋಡಿ

ಬಾದಾಮಿ ಹಾಲು, ಓಟ್ಸ್ ಹಾಲು, ಸಸ್ಯಜನ್ಯ ಪನೀರು ಅಂತ ಪಟ್ಟಿ ಹಿಡಿದು ಪೇಟೆಗೆ ಓಡಬೇಡಿ. ದುಡ್ಡು ಜಾಸ್ತಿ ಹೋಗುತ್ತದೆ, ಬಾಯಿಗೂ ಹಿಡಿಸುವುದಿಲ್ಲ. ಇಡೀ ದಿನ ಹಾಲಿನ ಬದಲಿ ತಿಂದರೆ ಹಾಲಿನ ನೆನಪೇ ಜಾಸ್ತಿಯಾಗುತ್ತದೆ. ಅದರ ಬದಲು ನಿಮ್ಮ ಮನೆಯಲ್ಲಿ ಈಗಾಗಲೇ ಹಾಲಿಲ್ಲದೆ ಮಾಡುವ ಅಡುಗೆ ಏನೇನಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆ ತುಂಬಿಹೋಯಿತು. ಮುದ್ದೆ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ಅವರೆಕಾಳು ಸಾರು, ಹಿತಕಿದ ಬೇಳೆ ಸಾರು, ಇಡ್ಲಿ, ದೋಸೆ, ಅಕ್ಕಿರೊಟ್ಟಿ, ರಾಗಿರೊಟ್ಟಿ, ಚಿತ್ರಾನ್ನ, ಪುಳಿಯೋಗರೆ, ಗೊಜ್ಜವಲಕ್ಕಿ, ಕೋಸಂಬರಿ, ಹುಚ್ಚೆಳ್ಳು ಚಟ್ನಿಪುಡಿ. ಉತ್ತರ ಕರ್ನಾಟಕದವರಾದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಕರಾವಳಿಯವರಿಗೆ ನೀರುದೋಸೆ, ಪತ್ರೊಡೆ. ಮಲೆನಾಡಿನವರಿಗೆ ಅಪ್ಪೆಹುಳಿ. ಇವುಗಳಲ್ಲಿ ಯಾವುದಕ್ಕೂ ಹಾಲು ಬೇಕಿಲ್ಲ. ಮೇಲೆ ಸುರಿಯುವ ತುಪ್ಪ, ಪಕ್ಕಕ್ಕೆ ಬರುವ ಬೆಣ್ಣೆ ಅಷ್ಟೇ ಬಿಡಬೇಕಾದ್ದು.

ಆ ಹಾಳೆಯನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿ. ನಿಜವಾಗಿ ಕೈಕಟ್ಟುವುದು ಮೂರೇ: ಕಾಫಿ, ಮೊಸರು, ತುಪ್ಪ. ಇವುಗಳಿಗೆ ಮೊದಲ ದಿನಕ್ಕೆ ಮುಂಚೆಯೇ ತಯಾರಿ ಆಗಿರಬೇಕು.

ಕಾಫಿ

ಬಿಡುವವರಲ್ಲಿ ಜಾಸ್ತಿ ಜನ ಸೋಲುವುದು ಬೆಳಗಿನ ಕಾಫಿಗೆ. ಇದಕ್ಕೆ ಎರಡು ದಾರಿ.

ಒಂದು, ಬೆಲ್ಲದ ಕರಿ ಕಾಫಿ. ಇದನ್ನು ಮಾಡುವಾಗ ಪುಡಿಯನ್ನು ಬದಲಾಯಿಸಿ. ನಮ್ಮ ಕಾಫಿಪುಡಿಗಳಲ್ಲಿ ಚಿಕೋರಿ ಬೆರೆತಿರುತ್ತದೆ, ಕಾನೂನಿನ ಪ್ರಕಾರ ನೂರಕ್ಕೆ 49 ಭಾಗದವರೆಗೂ ಇರಬಹುದು. ಹಾಲಿನ ಕಾಫಿಗೆ ಚಿಕೋರಿ ದಪ್ಪ ಕೊಡುತ್ತದೆ. ಹಾಲಿಲ್ಲದಿದ್ದರೆ ಅದೇ ಚಿಕೋರಿ ನಾಲಗೆಗೆ ಕಹಿ ಹಿಡಿಯುತ್ತದೆ. ಚಿಕೋರಿ ಇಲ್ಲದ ಪುಡಿ ತಂದು, ಡಿಕಾಕ್ಷನ್ ಸ್ವಲ್ಪ ತೆಳ್ಳಗೆ ಇಳಿಸಿ, ಬೆಲ್ಲ ಕರಗಿಸಿದ ಬಿಸಿನೀರಿಗೆ ಬೆರೆಸಿ. ಒಂದು ಚೂರು ಶುಂಠಿ ಹಾಕಿದರೂ ಚೆನ್ನ. ಮೂರು ನಾಲ್ಕು ದಿನಕ್ಕೆ ನಾಲಗೆ ಒಗ್ಗುತ್ತದೆ.

ಎರಡನೆಯದು ಕಾಯಿಹಾಲು. ತಿಪಟೂರಿನಲ್ಲಿ ಕಾಯಿಗೆ ಬರವಿಲ್ಲ, ಹಾಗಾಗಿ ನನಗೆ ಇದೇ ಹತ್ತಿರ. ಬಲಿತ ಕಾಯಿಯ ತುರಿಗೆ ಒಂದು ಲೋಟ ಬಿಸಿನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಅದು ಮೊದಲನೇ ಹಾಲು. ಅದೇ ಚರಟಕ್ಕೆ ಇನ್ನೊಂದು ಲೋಟ ನೀರು ಹಾಕಿ ಮತ್ತೆ ರುಬ್ಬಿ ಹಿಂಡಿದರೆ ಎರಡನೇ ಹಾಲು. ಕಾಫಿಗೆ ಎರಡನೇ ಹಾಲೇ ಸರಿ. ಮೊದಲನೆಯದರಲ್ಲಿ ಜಿಡ್ಡು ಜಾಸ್ತಿ, ಮೇಲೆ ಎಣ್ಣೆ ತೇಲುತ್ತದೆ. ಅದನ್ನು ಪಾಯಸಕ್ಕೆ ಇಟ್ಟುಕೊಳ್ಳಿ. ಕಾಯಿಹಾಲನ್ನು ಕುದಿಸಬಾರದು, ಒಡೆಯುತ್ತದೆ. ಪಾತ್ರೆಯ ಅಂಚಿನಲ್ಲಿ ಹಬೆ ಏಳುವಾಗಲೇ ಇಳಿಸಿ, ಅದಕ್ಕೆ ಡಿಕಾಕ್ಷನ್ ನಿಧಾನವಾಗಿ ಸುರಿಯಿರಿ. ಕಾಯಿಯ ಪರಿಮಳ ಬಂದೇ ಬರುತ್ತದೆ. ಅದು ಬೇಡ ಅನ್ನುವವರು ಸೋಯಾ ಹಾಲು ನೋಡಬಹುದು. ಕಾಫಿಯಲ್ಲಿ ಹುಳಿ ಅಂಶ ಇರುವುದರಿಂದ ಸೋಯಾ ಹಾಲು ಕೆಲವೊಮ್ಮೆ ಒಡೆದು ಚೂರುಚೂರಾಗುತ್ತದೆ. ಡಿಕಾಕ್ಷನ್ ಸ್ವಲ್ಪ ಆರಿರಲಿ, ಹಾಲು ಬೆಚ್ಚಗಿರಲಿ, ಆಗ ಒಡೆಯುವುದು ಕಮ್ಮಿ. ಮನೆಯಲ್ಲಿ ಮಾಡಿದ ಓಟ್ಸ್ ಹಾಲನ್ನು ಮಾತ್ರ ಕಾಯಿಸಬೇಡಿ. ಅದರ ಪಿಷ್ಟ ಬೆಂದು ಗಂಜಿಯ ಹಾಗೆ ಲೋಳೆಯಾಗುತ್ತದೆ.

ಮೊಸರು

ಅತ್ತೆಯ ಪ್ರಶ್ನೆಗೆ ಉತ್ತರ ಕಡ್ಲೆಕಾಯಿ ಬೀಜದ ಮೊಸರು. ಮಾಡುವುದು ಕಷ್ಟವಿಲ್ಲ, ತಾಳ್ಮೆ ಬೇಕು.

ಒಂದು ಲೋಟ ಹಸಿ ಕಡ್ಲೆಕಾಯಿ ಬೀಜವನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಿಪ್ಪೆ ತೆಗೆದು, ಮೂರು ಲೋಟ ನೀರು ಸೇರಿಸಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. ಆ ಹಾಲನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಕೈಯಾಡಿಸುತ್ತಲೇ ಇರಬೇಕು, ಬಿಟ್ಟರೆ ತಳ ಹಿಡಿಯುತ್ತದೆ. ಹಸಿ ವಾಸನೆ ಹೋಗಿ ಸ್ವಲ್ಪ ದಪ್ಪಗಾದ ಮೇಲೆ ಇಳಿಸಿ, ಬೆರಳು ಇಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿಸಿ.

ಈಗ ಹೆಪ್ಪು. ಹಾಲಿನ ಮೊಸರನ್ನು ಹೆಪ್ಪಿಗೆ ಹಾಕುವ ಹಾಗಿಲ್ಲವಲ್ಲ. ಅದಕ್ಕೆ ಹಸಿಮೆಣಸಿನಕಾಯಿಯ ತೊಟ್ಟು ಸಾಕು. ಏಳೆಂಟು ತೊಟ್ಟುಗಳನ್ನು ತೊಳೆದು ಹಾಲಿನಲ್ಲಿ ಮುಳುಗಿಸಿ ಮುಚ್ಚಿಡಿ. ಹುಳಿ ಬರಿಸುವ ಸೂಕ್ಷ್ಮಜೀವಿಗಳು ಆ ತೊಟ್ಟಿನ ಮೇಲೇ ಇರುತ್ತವೆ. ಧನುರ್ಮಾಸದ ಚಳಿಯಲ್ಲಿ ಹೆಪ್ಪು ನಿಧಾನ. ಪಾತ್ರೆಗೆ ದಪ್ಪ ಟವೆಲು ಸುತ್ತಿ ಅಕ್ಕಿ ಡಬ್ಬಿಯೊಳಗೆ ಹುದುಗಿಸಿಡಿ. 12 ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಮೊದಲ ಸಲದ ಮೊಸರು ಸಡಿಲವಾಗಿ, ಸ್ವಲ್ಪ ನೀರು ಬಿಟ್ಟುಕೊಂಡಿರುತ್ತದೆ. ಬೇಸರ ಬೇಡ. ತೊಟ್ಟು ತೆಗೆದು, ಅದರಿಂದ ಎರಡು ಚಮಚ ತೆಗೆದು ಮುಂದಿನ ಹಾಲಿಗೆ ಹೆಪ್ಪು ಹಾಕಿ. ಎರಡನೇ ಸಲದ್ದು ಗಟ್ಟಿಯಾಗಿ ಕೂರುತ್ತದೆ. ಕೆಟ್ಟ ವಾಸನೆ ಬಂದರೆ, ಬಣ್ಣ ಗುಲಾಬಿಗೆ ತಿರುಗಿದರೆ, ಬೂಷ್ಟು ಕಂಡರೆ ಮುಲಾಜಿಲ್ಲದೆ ಚೆಲ್ಲಿ.

ಈ ಮೊಸರನ್ನು ಹಾಗೇ ತಟ್ಟೆಗೆ ಹಾಕಿಕೊಂಡರೆ ಬೀಜದ ವಾಸನೆ ತಿಳಿಯುತ್ತದೆ. ನೀರು ಬೆರೆಸಿ, ಶುಂಠಿ, ಕರಿಬೇವು, ಕೊತ್ತಂಬರಿ, ಉಪ್ಪು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು ಮಜ್ಜಿಗೆ ಮಾಡಿದರೆ ಊಟದ ಕೊನೆಗೆ ತುಂಬ ಚೆನ್ನಾಗಿರುತ್ತದೆ. ಮಜ್ಜಿಗೆಹುಳಿಗೂ ನಡೆಯುತ್ತದೆ, ಆದರೆ ಜಾಸ್ತಿ ಕುದಿಸಬೇಡಿ. ದಿನಾ ಇದನ್ನು ಮಾಡುವುದಕ್ಕೆ ಪುರುಸೊತ್ತು ಇರುವುದಿಲ್ಲ. ಅಂಥ ದಿನ ಊಟದ ಕೊನೆಗೆ ತಿಳಿಸಾರು ಬಿಸಿಯಾಗಿ ಕುಡಿಯಿರಿ, ಇಲ್ಲವೇ ಪುನರ್ಪುಳಿ ಸಾರು.

ತುಪ್ಪ

ತುಪ್ಪಕ್ಕೆ ಬದಲಿ ಹುಡುಕುವುದು ಬೇಡ. ಒಂದೊಂದು ಅಡುಗೆಗೆ ಒಂದೊಂದು ಎಣ್ಣೆ ಹೊಂದುತ್ತದೆ. ಬಿಸಿ ಅನ್ನ, ಚಟ್ನಿಪುಡಿಗೆ ಎಳ್ಳೆಣ್ಣೆ. ದೋಸೆಗೆ, ಪಲ್ಯಕ್ಕೆ ಕೊಬ್ಬರಿ ಎಣ್ಣೆ. ಬಿಸಿಬೇಳೆಬಾತಿಗೆ ಕಡ್ಲೆಕಾಯಿ ಎಣ್ಣೆಯಲ್ಲಿ ಗೋಡಂಬಿ ಹುರಿದು ಹಾಕಿ. ಹೋಳಿಗೆಗೆ ಕಾಯಿಹಾಲು ಸುರಿದುಕೊಂಡು ತಿನ್ನುವುದು ನಮ್ಮಲ್ಲಿ ಹಳೆಯ ಪದ್ಧತಿಯೇ.

ದೇಹಕ್ಕೆ ಏನು ಬೇಕು

ಇಲ್ಲಿ ಉದಾಸೀನ ಮಾಡಬಾರದು. ಮೊದಲನೆಯದು ಬಿ12. ಇದು ಸೊಪ್ಪು, ಕಾಳು, ತರಕಾರಿ ಯಾವುದರಿಂದಲೂ ನಂಬುವಷ್ಟು ಸಿಗುವುದಿಲ್ಲ. ದೇಹದಲ್ಲಿ ದಾಸ್ತಾನು ಚೆನ್ನಾಗಿದ್ದವರಿಗೆ ಒಂದು ತಿಂಗಳಲ್ಲಿ ಏನೂ ಆಗುವುದಿಲ್ಲ, ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಸಾಲುವಷ್ಟು ಇರುತ್ತದೆ. ಆದರೆ ನಮ್ಮಲ್ಲಿ ಸಸ್ಯಾಹಾರಿಗಳಿಗೆ ಮೊದಲಿಂದಲೂ ಅದು ಕಮ್ಮಿ ಇರುವುದು ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇನ್ನೂ ಇಳಿದಿರಬಹುದು. ಹಾಗಾಗಿ ಶುರು ಮಾಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಕಾಲು ಜೋಮು ಹಿಡಿಯುವುದು, ವಿಪರೀತ ಸುಸ್ತು ಇದ್ದರೆ ಡಾಕ್ಟರಿಗೆ ಹೇಳಿ. ಮಾತ್ರೆ ಬೇಕಾದರೆ ಅವರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ.

ಸುಣ್ಣದ ಅಂಶಕ್ಕೆ ನಮ್ಮ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಸುಮಾರು 120. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಹೆಚ್ಚು ಹತ್ತುತ್ತದೆ. ಮಧ್ಯಾಹ್ನ ಮುದ್ದೆ, ಜೊತೆಗೆ ನುಗ್ಗೆಸೊಪ್ಪು ಅಥವಾ ದಂಟಿನಸೊಪ್ಪು, ಸಂಜೆಗೆ ಒಂದು ಎಳ್ಳುಂಡೆ ಇದ್ದರೆ ಕ್ಯಾಲ್ಸಿಯಂ ಒಳ್ಳೆಯ ಪ್ರಮಾಣದಲ್ಲೇ ಸಿಗುತ್ತದೆ.

ಪ್ರೋಟೀನಿಗೆ ಊಟದಲ್ಲಿ ದಿನಾ ಎರಡು ಹೊತ್ತು ಕಾಳು ಅಥವಾ ಬೇಳೆ ಇರಲೇಬೇಕು. ತಿಳಿಸಾರಿನ ನೀರು ಲೆಕ್ಕಕ್ಕಿಲ್ಲ, ಕಾಳು ತಟ್ಟೆಯಲ್ಲಿ ಕಾಣಬೇಕು. ಒಂದು ಲೋಟ ಹಾಲು ಬಿಟ್ಟ ಜಾಗಕ್ಕೆ 30 ಗ್ರಾಂ, ಅಂದರೆ ಒಂದು ಹಿಡಿ ಕಡ್ಲೆಕಾಯಿ ಬೀಜ ತಿಂದರೆ ಸರಿಹೋಗುತ್ತದೆ. ಇದ್ದಕ್ಕಿದ್ದ ಹಾಗೆ ಕಾಳು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಇಂಗು ಶುಂಠಿ ಹಾಕಿ ಬೇಯಿಸಿ, ವಾರದಿಂದ ವಾರಕ್ಕೆ ಏರಿಸುತ್ತಾ ಹೋಗಿ. ಸೊಪ್ಪು, ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣದ ಅಂಶ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಬೇಡ, ಒಂದು ಗಂಟೆ ಬಿಡಿ. ಅಯೋಡಿನ್ ಇರುವ ಉಪ್ಪೇ ಬಳಸಿ.

ಬಸುರಿಯರು, ಬಾಣಂತಿಯರು, ಸಣ್ಣ ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬಾರದು. ಹುಮ್ಮಸ್ಸಿನಲ್ಲಿ ಮಕ್ಕಳಿಗೂ ಹಾಲು ನಿಲ್ಲಿಸುವವರನ್ನು ನೋಡಿದ್ದೇನೆ. ಅದು ತಪ್ಪು. ಇದು ನಿಮ್ಮ ವ್ರತ, ಮಗುವಿನದಲ್ಲ.

ಹೊರಗೆ ತಿನ್ನುವಾಗ

ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆ ನೋಡಿ ಮೋಸ ಹೋಗಬೇಡಿ. ಹಸಿರು ಚುಕ್ಕೆ ಸಸ್ಯಾಹಾರ ಅಂತ ಮಾತ್ರ ಹೇಳುತ್ತದೆ, ಹಾಲು, ಜೇನು ಅದರಲ್ಲಿ ಸೇರಿರುತ್ತವೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರ ನಿಯಮದಲ್ಲಿ ವೀಗನ್ ಆಹಾರಕ್ಕೆ ಬೇರೆಯೇ ಗುರುತು ಕೊಟ್ಟಿದೆ, ಎಲೆ ಚಿಗುರಿದ ಹಸಿರು 'ವಿ' ಅಕ್ಷರ. ಆ ಗುರುತು ಇಲ್ಲದ ಪ್ಯಾಕೆಟ್ಟುಗಳೇ ಜಾಸ್ತಿ. ಆಗ ಸಾಮಗ್ರಿ ಪಟ್ಟಿಯ ಕೆಳಗೆ ಅಲರ್ಜಿ ಬಗ್ಗೆ ಬರೆದ ಸಾಲನ್ನು ಮೊದಲು ಓದಿ. ಹಾಲು ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಮಿಲ್ಕ್ ಸಾಲಿಡ್ಸ್, ವೇ, ಕೇಸಿನ್ ಎಲ್ಲ ಹಾಲಿನವೇ. ಬಿಸ್ಕತ್ತು, ಬ್ರೆಡ್ಡುಗಳಲ್ಲಿ ಇವು ಅಡಗಿಕೊಂಡಿರುತ್ತವೆ.

ಹೋಟೆಲಿನಲ್ಲಿ ಇಡ್ಲಿ, ಉದ್ದಿನವಡೆ, ಪುಳಿಯೋಗರೆ ಸಾಮಾನ್ಯವಾಗಿ ಸುಲಭ. ರವೆ ಇಡ್ಲಿ ಬೇಡ, ಅದರಲ್ಲಿ ಮೊಸರು ಇದೆ. ಖಾರಾಬಾತ್, ಕೇಸರಿಬಾತ್, ಪೊಂಗಲ್‌ಗೆ ತುಪ್ಪ ಬಿದ್ದಿರುತ್ತದೆ. ತಟ್ಟೆ ಇಡ್ಲಿ ಮೇಲೆ ಬೆಣ್ಣೆ ಇಟ್ಟೇ ಕೊಡುವ ಕಡೆಗಳುಂಟು. ದೋಸೆ ಹೇಳುವಾಗಲೇ "ಎಣ್ಣೆ ಹಾಕಿ, ತುಪ್ಪ ಬೆಣ್ಣೆ ಬೇಡ" ಅನ್ನಿ. ವೀಗನ್ ಅಂದರೆ ಸಪ್ಲೈಯರ್‌ಗೆ ಅರ್ಥವಾಗದಿರಬಹುದು, ಇದು ಅರ್ಥವಾಗುತ್ತದೆ. ಮದುವೆ ಊಟದಲ್ಲಿ ತುಪ್ಪ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯಿರಿ, ಅಷ್ಟೇ. ಧನುರ್ಮಾಸದಲ್ಲಿ ಮದುವೆಗಳು ಕಮ್ಮಿ, ಅದೂ ಒಂದು ಅನುಕೂಲ.

ದೇವಸ್ಥಾನದ ವಿಷಯ ಮೊದಲೇ ತೀರ್ಮಾನಿಸಿಕೊಳ್ಳಿ. ಈ ತಿಂಗಳು ಬೆಳಗಿನ ಜಾವ ಹುಗ್ಗಿ ಪ್ರಸಾದ ಇರುತ್ತದೆ, ಅದರಲ್ಲಿ ತುಪ್ಪ. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನು ನಾಲ್ಕೂ ಇವೆ. ನಾನು ಹೂವು, ಕುಂಕುಮ ತೆಗೆದುಕೊಂಡು ಕೈಮುಗಿದು ಬರುತ್ತೇನೆ. ಪ್ರಸಾದ ಬಿಡಬಾರದು ಅನ್ನುವವರು ಅದೊಂದನ್ನು ತೆಗೆದುಕೊಳ್ಳಲಿ. ಯಾರಿಗೂ ನೋವಾಗದ ಹಾಗೆ ನಡೆದುಕೊಳ್ಳುವುದು ಮುಖ್ಯ.

ಸಂಕ್ರಾಂತಿ ಮತ್ತು ಆಮೇಲೆ

ಕೊನೆಯ ದಿನದ ಹಬ್ಬಕ್ಕೆ ತೊಂದರೆಯೇ ಇಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡ್ಲೆಕಾಯಿ ಬೀಜ, ಕಬ್ಬು, ಗೆಣಸು, ಅವರೆಕಾಯಿ ಎಲ್ಲ ಗಿಡದಿಂದ ಬಂದವೇ. ಸಕ್ಕರೆ ಅಚ್ಚು ಮಾತ್ರ ನೋಡಿಕೊಳ್ಳಿ, ಪಾಕದ ಕೊಳೆ ತೆಗೆಯಲು ಹಾಲು ಹಾಕುತ್ತಾರೆ. ಸಿಹಿ ಹುಗ್ಗಿಯನ್ನು ತೆಗೆದಿಟ್ಟ ಮೊದಲನೇ ಕಾಯಿಹಾಲಿನಲ್ಲಿ ಮಾಡಿ, ಕೊಬ್ಬರಿ ಚೂರನ್ನು ಕೊಬ್ಬರಿ ಎಣ್ಣೆಯಲ್ಲೇ ಹುರಿದು ಹಾಕಿ. ಅತ್ತೆ ಈಗ ಹಬ್ಬಕ್ಕೆ ಇದನ್ನೇ ಮಾಡು ಅನ್ನುತ್ತಾರೆ.

ಮಾರನೇ ದಿನವೇ ದೊಡ್ಡ ಲೋಟದಲ್ಲಿ ಹಾಲು ಕುಡಿಯಬೇಡಿ. ಒಂದು ತಿಂಗಳು ಬಿಟ್ಟ ಹೊಟ್ಟೆ ಕೆಲವರಲ್ಲಿ ತಕರಾರು ಮಾಡುತ್ತದೆ. ವಾಪಸ್ಸು ತರಬೇಕು ಅನ್ನಿಸಿದರೆ ಒಂದೊಂದಾಗಿ ತನ್ನಿ. ಮೊದಲು ಸ್ವಲ್ಪ ಮಜ್ಜಿಗೆ, ಮೂರು ದಿನ ಬಿಟ್ಟು ಮೊಸರು, ಆಮೇಲೆ ಹಾಲು. ಯಾವುದು ತಂದಾಗ ಹೊಟ್ಟೆ ಭಾರವಾಯಿತು, ಯಾವುದು ಇಲ್ಲದಿದ್ದರೂ ನೆನಪೇ ಆಗಲಿಲ್ಲ ಅಂತ ಬರೆದಿಟ್ಟುಕೊಳ್ಳಿ. ನನಗೆ ಹಾಲಿನ ಕಾಫಿ ಮತ್ತೆ ಬೇಕು ಅನ್ನಿಸಲಿಲ್ಲ. ತುಪ್ಪವೂ ಹಾಗೆಯೇ ಬಿಟ್ಟುಹೋಯಿತು. ಮೊಸರು ಮಾತ್ರ ಬೇಸಿಗೆಯಲ್ಲಿ ತಿನ್ನುತ್ತೇನೆ, ಅದನ್ನೂ ಕಮ್ಮಿ ಮಾಡುತ್ತಿದ್ದೇನೆ. ಕಡ್ಲೆಕಾಯಿ ಮೊಸರಿನ ಹೆಪ್ಪು ಉಳಿದಿದ್ದರೆ ಚೆಲ್ಲಬೇಡಿ. ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಕ್ಕೊಮ್ಮೆ ಹೊಸ ಹಾಲಿಗೆ ಹಾಕುತ್ತಿದ್ದರೆ ಅದು ನಡೆಯುತ್ತಲೇ ಇರುತ್ತದೆ, ಮುಂದೆ ಯಾರಾದರೂ ಕೇಳಿದರೆ ಎರಡು ಚಮಚ ಕೊಡಬಹುದು.